ಐದೂ ಮುಕ್ಕಾಲರ ಗುರುಗಳು: ಶುನ್ರ್ಯೂ ಸುಜುಕಿ

ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸ್ ಅನ್ನೋ ಊರಿನ ಒಂದು ಗ್ಯಾರೇಜ್ ನಮಗೆಲ್ಲ ಗೊತ್ತು. ಸ್ಟೀವ್ ಜಾಬ್ಸ್ ಮನೆಯದು. 1976ರಲ್ಲಿ ಆಪಲ್ ಹುಟ್ಟಿದ ಜಾಗ ಅಂತ ಯಾವ ಸ್ಟಾರ್ಟಪ್ ವರ್ಕ್‌ಶಾಪ್‌ಗೆ ಹೋದರೂ ಅದರ ಫೋಟೋ ಒಂದು ಸ್ಲೈಡಿನಲ್ಲಿ ಬಂದೇ ಬರುತ್ತೆ. ಅದೇ ಊರಲ್ಲಿ, ಅದಕ್ಕೂ ಸುಮಾರು ಹತ್ತು ವರ್ಷ ಮೊದಲು, ಇನ್ನೊಂದು ಗ್ಯಾರೇಜ್ ಇತ್ತು. ಮರಿಯನ್ ಡರ್ಬಿ ಎಂಬ ಮಹಿಳೆ ತಮ್ಮ ಮನೆಯ ಗ್ಯಾರೇಜನ್ನು 17 ಜನ ಕೂತು ಧ್ಯಾನ ಮಾಡುವ ಕೋಣೆಯಾಗಿ ಬದಲಾಯಿಸಿದ್ದರು. ಜಪಾನಿನ ಹೈಕು ಪದ್ಯದಲ್ಲಿ 17 ಅಕ್ಷರಗಳಿರುತ್ತವಲ್ಲ, ಹಾಗಾಗಿ ಅದಕ್ಕೆ ಹೈಕು ಝೆಂಡೋ ಅಂತ ಹೆಸರು. ವಾರಕ್ಕೊಮ್ಮೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬ ಕುಳ್ಳಗಿನ ಜಪಾನಿ ಗುರುಗಳು ಅಲ್ಲಿಗೆ ಬರುತ್ತಿದ್ದರು. ಎಲ್ಲರ ಜೊತೆ ಸುಮ್ಮನೆ ಕೂರುತ್ತಿದ್ದರು, ಆಮೇಲೆ ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು ಮಾತಾಡಿ ಹೊರಡುತ್ತಿದ್ದರು.

ಅವರೇ ಶುನ್ರ್ಯೂ ಸುಜುಕಿ. ಜಪಾನಿನ ಝೆನ್ ಬೌದ್ಧ ಪರಂಪರೆ ಅಮೆರಿಕದಲ್ಲಿ ಬೇರೂರಿದ್ದು ಹೇಗೆ ಅಂತ ಹುಡುಕಿಕೊಂಡು ಹೋದರೆ ಈ ಹೆಸರು ತಪ್ಪಿಸಿಕೊಳ್ಳೋಕೆ ಸಾಧ್ಯವೇ ಇಲ್ಲ. ಸುಜುಕಿ ಅಂದ ಕೂಡಲೇ ನಮಗೆ ಮಾರುತಿ ಕಾರು ನೆನಪಾಗುತ್ತೆ, ಆ ಕಂಪನಿಗೂ ಇವರಿಗೂ ಸಂಬಂಧ ಇಲ್ಲ. ಝೆನ್ ಓದಿಕೊಂಡವರಿಗೆ ಇನ್ನೊಬ್ಬ ಸುಜುಕಿ ನೆನಪಾಗಬಹುದು. ಇಂಗ್ಲಿಷಿನಲ್ಲಿ ರಾಶಿ ಪುಸ್ತಕ ಬರೆದ ವಿದ್ವಾಂಸ ಡಿ.ಟಿ. ಸುಜುಕಿ ಅವರು. ಜನ ಇಬ್ಬರನ್ನೂ ಒಬ್ಬರೇ ಅಂದುಕೊಂಡಾಗ ನಮ್ಮ ಕಥಾನಾಯಕರು ನಗುತ್ತಾ, ಅವರು ದೊಡ್ಡ ಸುಜುಕಿ, ನಾನು ಚಿಕ್ಕವನು ಅಂತ ತಿದ್ದುತ್ತಿದ್ದರಂತೆ.

ಝೆನ್ ಎಂಬ ಪದವೂ ನಮಗೆ ಹೊರಗಿನದೇನಲ್ಲ. ನಮ್ಮ ಧ್ಯಾನವೇ ಪಾಲಿಯಲ್ಲಿ ಝಾನ ಆಗಿ, ಚೀನಾದಲ್ಲಿ ಚಾನ್ ಆಗಿ, ಜಪಾನಿನಲ್ಲಿ ಝೆನ್ ಆಯಿತು. ಅದನ್ನು ಚೀನಾಕ್ಕೆ ಒಯ್ದ ಬೋಧಿಧರ್ಮ ದಕ್ಷಿಣ ಭಾರತದವನು ಅನ್ನುವುದು ಪರಂಪರೆಯ ನಂಬಿಕೆ. ಸೂರ್ಯ ನಟಿಸಿದ ತಮಿಳು ಸಿನಿಮಾ 'ಏಳಾಂ ಅರಿವು' ನೋಡಿದವರಿಗೆ ಆ ಕಥೆ ಗೊತ್ತಿರುತ್ತೆ. ಜಪಾನಿನಲ್ಲಿ 13ನೇ ಶತಮಾನದ ಡೋಗೆನ್ ಎಂಬ ಗುರು ಕಟ್ಟಿದ ಶಾಖೆಗೆ ಸೋಟೋ ಝೆನ್ ಅಂತ ಹೆಸರು. ಸುಜುಕಿ ಅವರು ಅದೇ ಶಾಖೆಯವರು.

ಸೊಟ್ಟ ಸೌತೆಕಾಯಿ

ಹುಟ್ಟಿದ್ದು 1904ರ ಮೇ 18ರಂದು, ಟೋಕಿಯೋಗೆ ಹತ್ತಿರದ ಕನಗಾವಾ ಪ್ರಾಂತ್ಯದಲ್ಲಿ. ತಂದೆ ಒಂದು ಬಡ ದೇವಾಲಯದ ಝೆನ್ ಪುರೋಹಿತರು. ಬೌದ್ಧ ಪುರೋಹಿತರಿಗೆ ಮದುವೆ ಹೇಗೆ ಅಂತ ಕೇಳಬೇಡಿ. ಜಪಾನ್ ಸರ್ಕಾರ 1872ರಲ್ಲೇ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಆ ಕಾಲದಲ್ಲಿ ಸರ್ಕಾರದ ಒಲವು ಬೌದ್ಧ ದೇವಾಲಯಗಳ ಮೇಲಿರಲಿಲ್ಲ, ಎಷ್ಟೋ ಕಡೆ ಅವುಗಳನ್ನು ಒಡೆದೂ ಹಾಕಿದ್ದರು. ತಲೆ ಬೋಳಿಸಿಕೊಂಡ ಪುರೋಹಿತರ ಮಗ ಶಾಲೆಯಲ್ಲಿ ಗೇಲಿಗೆ ಗುರಿಯಾಗಿದ್ದ.

ಹನ್ನೆರಡರ ಆಸುಪಾಸಿನಲ್ಲಿ ಹುಡುಗ ಮನೆ ಬಿಟ್ಟು, ತಂದೆಯ ಶಿಷ್ಯರೇ ಆಗಿದ್ದ ಗ್ಯೋಕುಜುನ್ ಸೋ-ಆನ್ ಎಂಬ ಗುರುಗಳ ಬಳಿ ಸೇರಿದ. ಸೋ-ಆನ್ ಮಹಾ ಕಟ್ಟುನಿಟ್ಟಿನ ಮನುಷ್ಯ. ಒಂದು ಸಲ ಮೂಲಂಗಿ ಉಪ್ಪಿನಕಾಯಿ ಕೆಟ್ಟುಹೋಗಿತ್ತು. ಗುರುಗಳು ಅದನ್ನೇ ಬಡಿಸಿದರು. ಹುಡುಗರು ತಿನ್ನಲಾಗದೆ ಕದ್ದು ತೋಟದಲ್ಲಿ ಹೂತುಹಾಕಿದರು. ಕೆಲವು ದಿನ ಕಳೆದ ಮೇಲೆ ನೋಡಿದರೆ ಆ ಉಪ್ಪಿನಕಾಯಿ ಮತ್ತೆ ಊಟದ ತಟ್ಟೆಗೆ ಬಂದಿದೆ! ಗುರುಗಳು ಅಗೆದು ತೆಗೆದು ಬೇಯಿಸಿದ್ದರು. ಬೇರೆ ದಾರಿ ಇಲ್ಲದೆ ತಿಂದರು. ನಮ್ಮ ಹಾಸ್ಟೆಲ್ ಮೆಸ್ ಬಗ್ಗೆ ಇನ್ನು ಮಾತಾಡುವಾಗ ಸ್ವಲ್ಪ ಯೋಚಿಸೋಣ.

ಜೊತೆಗಿದ್ದ ಹುಡುಗರೆಲ್ಲ ಒಬ್ಬೊಬ್ಬರಾಗಿ ಓಡಿಹೋದರು. ಇವರೊಬ್ಬರೇ ಉಳಿದರು. ಯಾಕೆ ಉಳಿದಿರಿ ಅಂದ್ರೆ, ಓಡಿಹೋಗಬಹುದು ಅನ್ನೋದೇ ತಲೆಗೆ ಹೊಳೆಯಲಿಲ್ಲ ಅಂತ ಮುಂದೆ ತಮಾಷೆ ಮಾಡುತ್ತಿದ್ದರು. ಮರೆವು ಜಾಸ್ತಿಯಿದ್ದ ಈ ಹುಡುಗನಿಗೆ ಗುರುಗಳು ಇಟ್ಟ ಅಡ್ಡಹೆಸರು ಸೊಟ್ಟ ಸೌತೆಕಾಯಿ. ಬಳ್ಳಿಯ ತುದಿಯಲ್ಲಿ ಕೊನೆಗೆ ಬಿಡುವ, ಮಾರಾಟಕ್ಕೂ ಬಾರದ, ಅಡುಗೆಗೂ ಒದಗದ ಪೀಚು ಕಾಯಿ. ಇವನಿಂದ ಏನೂ ಆಗಲ್ಲ ಅಂತ ಗುರುಗಳು ಅಂದುಕೊಂಡಿದ್ದರೋ, ಹಾಗೆ ಅಂದು ಗಟ್ಟಿ ಮಾಡಿದರೋ, ಅಂತೂ ಹೆಸರು ಅಂಟಿಕೊಂಡಿತು.

ಮೇಡಂ ಮನೆಯ ಬುದ್ಧ

ಮುಂದೆ ಟೋಕಿಯೋದ ಕೊಮಜಾವಾ ವಿಶ್ವವಿದ್ಯಾಲಯ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ನೋನಾ ರ್‍ಯಾನ್ಸಮ್ ಎಂಬ ಇಂಗ್ಲೆಂಡಿನ ಮಹಿಳೆ. ಸುಜುಕಿ ಅವರ ಮನೆಯಲ್ಲೇ ಇದ್ದುಕೊಂಡು ಕೆಲಸಕ್ಕೆ, ಅನುವಾದಕ್ಕೆ ನೆರವಾಗುತ್ತಿದ್ದರು. ಮೇಡಂ ಹತ್ತಿರ ಒಂದು ಬುದ್ಧನ ಮೂರ್ತಿ ಇತ್ತು. ಅವರಿಗೆ ಅದು ಅಲಂಕಾರದ ವಸ್ತು ಅಷ್ಟೇ, ಪಕ್ಕದಲ್ಲೇ ಚಪ್ಪಲಿಯನ್ನೂ ಬಿಡುತ್ತಿದ್ದರು.

ನಾವಾಗಿದ್ದರೆ ಒಂದು ಜಗಳ ಆಗಿರೋದು. ಸುಜುಕಿ ಏನೂ ಹೇಳಲಿಲ್ಲ. ದಿನಾ ಆ ಮೂರ್ತಿಯ ಮುಂದೆ ಒಂದು ಪುಟ್ಟ ಬಟ್ಟಲಲ್ಲಿ ಚಹಾ ಇಟ್ಟು ಕೈಮುಗಿಯತೊಡಗಿದರು. ಮೇಡಂ ಮೊದಲು ನಕ್ಕರು, ಆಮೇಲೆ ಕುತೂಹಲಕ್ಕೆ ಬಿದ್ದರು, ಕೊನೆಗೆ ಅವರೇ ಪ್ರಶ್ನೆ ಕೇಳಿದರು. ಕೇಳಿದ ಮೇಲೆ ಇವರು ವಿವರಿಸಿದರು. ಕಾಲ ಕಳೆದಂತೆ ಮೇಡಂ ಧ್ಯಾನಕ್ಕೂ ಕೂತರು. ಪಾಶ್ಚಾತ್ಯರಿಗೆ ಝೆನ್ ತಿಳಿಯುತ್ತೆ ಅನ್ನುವ ನಂಬಿಕೆ ಸುಜುಕಿಗೆ ಬಂದಿದ್ದು ಇಲ್ಲಿಂದ. ಮುಂದೆ ಅಮೆರಿಕದಲ್ಲಿ ಅವರು ಹಿಡಿದ ದಾರಿಯೂ ಇದೇ: ತಾನು ಮಾಡುವುದನ್ನು ಮಾಡುತ್ತಾ ಹೋಗುವುದು, ಕೇಳಿದವರಿಗೆ ಮಾತ್ರ ಹೇಳುವುದು.

1930ರಲ್ಲಿ ಪದವಿ ಮುಗಿಸಿ ಡೋಗೆನ್ ಕಟ್ಟಿದ ಐಹೆಜಿ ಮಠದಲ್ಲಿ ತರಬೇತಿ ಪಡೆದರು. ವಿದೇಶಕ್ಕೆ ಹೋಗುತ್ತೇನೆ ಅಂತ ಗುರುಗಳನ್ನು ಕೇಳಿದರೆ ಸೋ-ಆನ್ ಖಡಾಖಂಡಿತವಾಗಿ ಬೇಡ ಅಂದರು. ಗುರುಗಳ ಮಾತು ಮೀರುವ ಹಾಗಿಲ್ಲ. ಆಸೆಯನ್ನು ಕಟ್ಟಿಟ್ಟರು. ಅದು ಬಿಚ್ಚಿಕೊಳ್ಳೋಕೆ ಸುಮಾರು ಮೂವತ್ತು ವರ್ಷ ಬೇಕಾಯಿತು.

ರಿನ್ಸೋ-ಇನ್‌ನ ವರ್ಷಗಳು

1934ರಲ್ಲಿ ಸೋ-ಆನ್ ತೀರಿಕೊಂಡರು. ಯೈಜು ಎಂಬ ಮೀನುಗಾರಿಕೆ ಊರಿನ ರಿನ್ಸೋ-ಇನ್ ದೇವಾಲಯದ ಹೊಣೆ ಸುಜುಕಿ ಅವರ ಹೆಗಲಿಗೆ ಬಂತು. ಹಳೆಯ ಕಟ್ಟಡದ ರಿಪೇರಿ, ಊರವರ ತಿಥಿ-ಕರ್ಮಗಳು, ನಡುವೆ ಎರಡನೇ ಮಹಾಯುದ್ಧ, ಯುದ್ಧ ಮುಗಿದ ಮೇಲೆ ಮಕ್ಕಳ ಶಿಶುವಿಹಾರ. ನಮ್ಮ ಹಳ್ಳಿಯ ಯಾವುದೋ ಮಠದ ಸ್ವಾಮಿಗಳ ದಿನಚರಿಯಂತೆಯೇ ವರ್ಷಗಳು ಕಳೆದವು.

1952ರಲ್ಲಿ ಆಗಬಾರದ್ದು ಆಯಿತು. ದೇವಾಲಯದಲ್ಲಿ ಮಾನಸಿಕ ಸ್ಥಿಮಿತ ಇಲ್ಲದ ಒಬ್ಬ ಭಿಕ್ಷು ಆಶ್ರಯ ಪಡೆದಿದ್ದ. ಅವನನ್ನು ಕಳಿಸಿಬಿಡಿ ಅಂತ ಮನೆಯವರು, ಅಕ್ಕಪಕ್ಕದವರು ಹೇಳುತ್ತಲೇ ಇದ್ದರು. ಸುಜುಕಿ ಕಳಿಸಲಿಲ್ಲ. ಒಂದು ದಿನ ಅವನು ಅವರ ಪತ್ನಿಯನ್ನು ಕೊಡಲಿಯಿಂದ ಹೊಡೆದು ಕೊಂದ. ಮಕ್ಕಳು ತಾಯಿಯನ್ನು ಕಳೆದುಕೊಂಡರು. ಸುಜುಕಿ ಆ ತಪ್ಪನ್ನು ಭಿಕ್ಷುವಿನ ಮೇಲೆ ಹೊರಿಸದೆ ತಮ್ಮ ಮೇಲೇ ತೆಗೆದುಕೊಂಡರು. ಆದರೆ ಹಾಗೆ ತೆಗೆದುಕೊಂಡ ಮಾತ್ರಕ್ಕೆ ಮನೆ ಸರಿಹೋಗಲಿಲ್ಲ. ಒಬ್ಬ ಮಗಳು ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿದ್ದು, 1964ರಲ್ಲಿ, ತಂದೆ ಅಮೆರಿಕದಲ್ಲಿದ್ದಾಗ, ತನ್ನ ಜೀವ ತಾನೇ ಕಳೆದುಕೊಂಡಳು.

ಗುರುಗಳ ಜೀವನ ಚರಿತ್ರೆ ಅಂದ ಮೇಲೆ ಇಂಥ ಪುಟಗಳನ್ನು ದಾಟಿಕೊಂಡು ಹೋಗುವುದು ರೂಢಿ. ನಾವು ದಾಟಿಲ್ಲ, ಯಾಕಂದ್ರೆ ಸುಜುಕಿ ಅವರ ಫೋಟೋದಲ್ಲಿನ ಆ ಶಾಂತ ನಗು ನೋಡಿ ಇವರಿಗೆ ಕಷ್ಟವೇ ಬಂದಿರಲಿಲ್ಲ ಅಂದುಕೊಳ್ಳೋದು ತುಂಬಾ ಸುಲಭ. ಲೋಕಕ್ಕೆ ಗುರುವಾದ ಮನುಷ್ಯ ಮನೆಯಲ್ಲಿ ಸೋತಿದ್ದರು. ಅದನ್ನು ಹೊತ್ತುಕೊಂಡೇ ಹಡಗು ದಾಟಿದಷ್ಟು ದೂರ ಹೋದರು.

ಥಿಯರಿ ಇತ್ತು, ಲ್ಯಾಬ್ ಇರಲಿಲ್ಲ

1958ರಲ್ಲಿ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದ ಮಿತ್ಸು ಅವರನ್ನು ಮದುವೆಯಾದರು. ಮರುವರ್ಷ ಮೇ 23ರಂದು ಒಬ್ಬರೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದರು. ಆಗ ವಯಸ್ಸು 55. ನಮ್ಮಲ್ಲಿ ಜನ ರಿಟೈರ್‌ಮೆಂಟ್ ಲೆಕ್ಕ ಹಾಕುವ ವಯಸ್ಸು. ಕರೆಸಿಕೊಂಡಿದ್ದು ಬುಷ್ ಸ್ಟ್ರೀಟಿನ ಸೋಕೋಜಿ ದೇವಾಲಯ, ಮೊದಲು ಯಹೂದಿಗಳ ಪ್ರಾರ್ಥನಾ ಮಂದಿರವಾಗಿದ್ದ ಕಟ್ಟಡ. ಅಲ್ಲಿನ ಭಕ್ತರೆಲ್ಲ ಜಪಾನಿ ಮೂಲದ ಅಮೆರಿಕನ್ನರು. ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿ, ಆಮೇಲೆ ಬಿಟ್ಟ ಸಮುದಾಯ ಅದು. ಅವರಿಗೆ ಬೇಕಿದ್ದದ್ದು ಮದುವೆ, ತಿಥಿ ಮಾಡಿಸುವ ಪುರೋಹಿತರು.

ಆ ಹೊತ್ತಿಗೆ ಅಮೆರಿಕದಲ್ಲಿ ಝೆನ್ ಒಂದು ಫ್ಯಾಷನ್. 1893ರ ಶಿಕಾಗೋ ಸರ್ವಧರ್ಮ ಸಮ್ಮೇಳನ ಅಂದ್ರೆ ನಮಗೆ ವಿವೇಕಾನಂದರು. ಅದೇ ವೇದಿಕೆಯಲ್ಲಿ ಸೋಯೆನ್ ಶಾಕು ಎಂಬ ಜಪಾನಿ ಝೆನ್ ಗುರುಗಳೂ ಇದ್ದರು. ಅವರ ಶಿಷ್ಯರೇ ಡಿ.ಟಿ. ಸುಜುಕಿ. ಅವರ ಪುಸ್ತಕಗಳು, ಅಲನ್ ವಾಟ್ಸ್ ಅವರ ಉಪನ್ಯಾಸಗಳು, 1958ರಲ್ಲಿ ಬಂದ ಜ್ಯಾಕ್ ಕೆರುವಾಕ್ ಅವರ ಕಾದಂಬರಿ 'ದ ಧರ್ಮ ಬಮ್ಸ್', ಇವೆಲ್ಲ ಸೇರಿ ಕಾಫಿ ಹೌಸುಗಳಲ್ಲಿ ಝೆನ್ ಚರ್ಚೆ ಬಿಸಿಯಾಗಿತ್ತು. ಓದಿದವರು ಬಹಳ, ಕೂತವರು ಕಡಿಮೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಥಿಯರಿ ಇತ್ತು, ಲ್ಯಾಬ್ ಇರಲಿಲ್ಲ.

ಜಪಾನಿನಿಂದ ಝೆನ್ ಗುರುಗಳು ಬಂದಿದ್ದಾರಂತೆ ಅಂತ ಕೇಳಿ ಕಲಾವಿದರು, ವಿದ್ಯಾರ್ಥಿಗಳು, ಕವಿಗಳು ಸೋಕೋಜಿಗೆ ಬಂದರು. ಝೆನ್ ಅಂದರೇನು ಅಂತ ಕೇಳಿದರು. ಸುಜುಕಿ ಅವರಿಂದ ಬಂದ ಉತ್ತರ ಒಂದೇ: ನಾನು ಬೆಳಿಗ್ಗೆ 5:45ಕ್ಕೆ ಕೂರುತ್ತೇನೆ, ನೀವೂ ಬನ್ನಿ ಅಂತ. ಪೋಸ್ಟರ್ ಇಲ್ಲ, ಫೀಸ್ ಇಲ್ಲ, ಪ್ರವಚನದ ಸರಣಿ ಇಲ್ಲ. ಯಾರಾದರೂ ಬಂದರೆ ಜೊತೆಗೆ ಕೂರುತ್ತಿದ್ದರು, ಯಾರೂ ಬರದಿದ್ದರೆ ಒಬ್ಬರೇ.

ಕೂರುವುದು ಅಂದ್ರೆ ಝಾಝೆನ್. ಒಂದು ದುಂಡನೆಯ ದಿಂಬಿನ ಮೇಲೆ ಪದ್ಮಾಸನ ಅಥವಾ ಅರ್ಧ ಪದ್ಮಾಸನ. ಬೆನ್ನು ನೇರ, ಕಣ್ಣು ಅರ್ಧ ತೆರೆದು, ಮುಖ ಗೋಡೆಯ ಕಡೆಗೆ. ಉಸಿರು ಬರುತ್ತೆ, ಹೋಗುತ್ತೆ. ಯೋಚನೆ ಬಂದರೆ ಅದರ ಹಿಂದೆ ಓಡುವುದೂ ಇಲ್ಲ, ಅದನ್ನು ಓಡಿಸುವುದೂ ಇಲ್ಲ. ಹೀಗೆ ಸುಮಾರು 40 ನಿಮಿಷ, ಅಂದ್ರೆ ನಮ್ಮ ಒಂದು ಕ್ಲಾಸಿಗಿಂತ ಸ್ವಲ್ಪ ಕಡಿಮೆ. ಇದರಿಂದ ಏನು ಸಿಗುತ್ತೆ ಅಂತ ಕೇಳಿಕೊಂಡು ಕೂತರೆ ಅದು ಝಾಝೆನ್ ಆಗಲ್ಲ ಅನ್ನುವುದು ಸೋಟೋ ಝೆನ್‌ನ ಮೂಲ ಪಾಠ. ಇಂಟರ್ನಲ್ಸ್, ಸಿಜಿಪಿಎ, ಪ್ಲೇಸ್‌ಮೆಂಟ್ ಅಂತ ಪ್ರತಿಯೊಂದನ್ನೂ ಲೆಕ್ಕ ಹಾಕುವ ನಮಗೆ ಇದಕ್ಕಿಂತ ಜೀರ್ಣವಾಗದ ಪಾಠ ಇನ್ನೊಂದಿಲ್ಲ.

ಪರಂಪರೆಯನ್ನು ಅವರು ಹಾಗೇ ಪಾರ್ಸೆಲ್ ಮಾಡಿ ತಂದು ಇಳಿಸಲಿಲ್ಲ, ಹಾಗಂತ ಅಮೆರಿಕನ್ನರಿಗೆ ಇಷ್ಟ ಅಂತ ನೀರು ಸೇರಿಸಲೂ ಇಲ್ಲ. ಜಪಾನಿನಲ್ಲಿ ಧ್ಯಾನದ ನಂತರ ಮೂರು ಸಲ ಸಾಷ್ಟಾಂಗ ನಮಸ್ಕಾರ ಹಾಕುತ್ತಾರೆ. ತಲೆಬಾಗುವುದು ಅಮೆರಿಕನ್ನರಿಗೆ ಮುಜುಗರದ ವಿಷಯ. ಮುಜುಗರ ಅಂತ ಗೊತ್ತಾದ ಮೇಲೆ ಸುಜುಕಿ ಅದನ್ನು ಒಂಬತ್ತಕ್ಕೆ ಏರಿಸಿದರು! ಇನ್ನೊಂದು ಕಡೆ, ಹೆಣ್ಣುಮಕ್ಕಳು ಗಂಡಸರ ಜೊತೆಗೇ ಕೂತು ಸಾಧನೆ ಮಾಡುವುದಕ್ಕೆ, ಜಪಾನಿನ ಮಠಗಳಲ್ಲಿ ಇಲ್ಲದ ರೂಢಿಯಾದರೂ, ಒಪ್ಪಿಗೆ ಕೊಟ್ಟರು.

ಬೆಟ್ಟದ ಮಠ, ಬಂಡೆಯ ಕೆಲಸ

1962ರಲ್ಲಿ ಈ ಗುಂಪು ಸ್ಯಾನ್ ಫ್ರಾನ್ಸಿಸ್ಕೋ ಝೆನ್ ಸೆಂಟರ್ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ವಾರಕ್ಕೆರಡು ಗಂಟೆ ಕೂತು ಮನೆಗೆ ಹೋಗುವುದರಿಂದ ಪರಂಪರೆ ನಿಲ್ಲಲ್ಲ, ಇದ್ದು ಕಲಿಯುವ ಮಠ ಬೇಕು ಅಂತ ಸುಜುಕಿ ಅವರಿಗೆ ಅನ್ನಿಸಿತ್ತು. ಕಾರ್ಮೆಲ್ ಕಣಿವೆಯಾಚೆಯ ಕಾಡುಬೆಟ್ಟಗಳ ನಡುವೆ ತಸ್ಸಜಾರಾ ಎಂಬ ಬಿಸಿನೀರಿನ ಬುಗ್ಗೆಯ ಜಾಗ ಮಾರಾಟಕ್ಕಿತ್ತು. ಬೆಲೆ 3 ಲಕ್ಷ ಡಾಲರ್. ಇವರ ಹತ್ತಿರ ದುಡ್ಡಿಲ್ಲ. ಶಿಷ್ಯ ರಿಚರ್ಡ್ ಬೇಕರ್ ಹಣ ಕೂಡಿಸಲು ಓಡಾಡಿದರು. 1966ರಲ್ಲಿ ಗ್ರೇಟ್‌ಫುಲ್ ಡೆಡ್‌ನಂಥ ರಾಕ್ ಬ್ಯಾಂಡುಗಳು ಸಹಾಯಾರ್ಥ ಸಂಗೀತ ಕಾರ್ಯಕ್ರಮ ಕೊಟ್ಟವು. ಮೌನದ ಮಠಕ್ಕೆ ರಾಕ್ ಸಂಗೀತದ ದುಡ್ಡು! 1967ರ ಬೇಸಿಗೆಯಲ್ಲಿ ಮಠ ಶುರುವಾಯಿತು. ಏಷ್ಯಾದ ಹೊರಗೆ ಮೊದಲ ಝೆನ್ ತರಬೇತಿ ಮಠ ಅಂತ ಅದನ್ನು ಗುರುತಿಸುತ್ತಾರೆ.

ಅದೇ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತುಂಬ ಹಿಪ್ಪಿಗಳು. ಉದ್ದ ಕೂದಲು, ಬರಿಗಾಲು, ಎಲ್‌ಎಸ್‌ಡಿ. ದಿಢೀರ್ ಜ್ಞಾನೋದಯ ಬೇಕಿದ್ದ ಅವರಲ್ಲಿ ಎಷ್ಟೋ ಜನ ಸುಜುಕಿ ಅವರ ಬಾಗಿಲಿಗೂ ಬಂದರು. ಅವರು ಯಾರನ್ನೂ ಬೈದು ಕಳಿಸಲಿಲ್ಲ, ವೇಷ ನೋಡಿ ಅಳೆಯಲಿಲ್ಲ. ಹೊತ್ತಿಗೆ ಸರಿಯಾಗಿ ಬಂದು, ಬೆನ್ನು ನೇರ ಮಾಡಿ ಕೂರಬೇಕಿತ್ತು. ಉಳಿದವರು ಉಳಿದರು.

ತಸ್ಸಜಾರಾದಲ್ಲಿ ಅವರಿಗೆ ಪ್ರಿಯವಾದ ಕೆಲಸ ಕಲ್ಲು ಹೊರುವುದು. ಅರವತ್ತು ದಾಟಿದ, ಐದಡಿ ಆಸುಪಾಸಿನ ಮನುಷ್ಯ ಹೊಳೆಯಿಂದ ಬಂಡೆ ಎತ್ತಿಸಿ ಗೋಡೆ ಕಟ್ಟಿಸುತ್ತಿದ್ದರು. ಇಪ್ಪತ್ತರ ಹರೆಯದ ದಾಂಡಿಗರು ಭುಜಬಲದಿಂದ ತಳ್ಳಿ ಸುಸ್ತಾದರೆ, ಇವರು ಹಾರೆಯನ್ನು ಎಲ್ಲಿ ಕೊಟ್ಟರೆ ಕಲ್ಲು ತಾನಾಗಿ ಹೊರಳುತ್ತೆ ಅಂತ ನೋಡಿ ಸನ್ನೆ ಹಾಕುತ್ತಿದ್ದರು. ಸಿವಿಲ್, ಮೆಕ್ಯಾನಿಕಲ್ ಗೆಳೆಯರಿಗೆ ಇದನ್ನು ವಿವರಿಸಬೇಕಿಲ್ಲ. ಶಿಷ್ಯರು ಅವರಿಂದ ಕಲಿತದ್ದರಲ್ಲಿ ಬಹುಪಾಲು ಇಂಥ ಕೆಲಸದ ಹೊತ್ತಿನಲ್ಲೇ.

ಇತ್ತ ಸೋಕೋಜಿಯ ಜಪಾನಿ ಭಕ್ತರಿಗೆ ಇರುಸುಮುರುಸು. ನಾವು ಕರೆಸಿಕೊಂಡ ಪುರೋಹಿತರು ನಮಗೇ ಸಿಗುತ್ತಿಲ್ಲ ಅನ್ನುವ ಅವರ ಬೇಸರದಲ್ಲಿ ತಪ್ಪೇನಿಲ್ಲ. 1969ರಲ್ಲಿ ಸುಜುಕಿ ಸೋಕೋಜಿಯ ಹುದ್ದೆ ಬಿಟ್ಟರು. ಝೆನ್ ಸೆಂಟರ್ 300, ಪೇಜ್ ಸ್ಟ್ರೀಟಿನಲ್ಲಿ ಜೂಲಿಯಾ ಮಾರ್ಗನ್ ಎಂಬ ಹೆಸರಾಂತ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಕಟ್ಟಡಕ್ಕೆ ಬಂತು.

ಗ್ಯಾರೇಜಿನ ಮಾತು ಪುಸ್ತಕವಾಯ್ತು

ಲಾಸ್ ಆಲ್ಟೋಸ್ ಗ್ಯಾರೇಜಿಗೆ ವಾಪಸ್ ಬರೋಣ. ಅಲ್ಲಿ ಸುಜುಕಿ ಆಡಿದ ಮಾತುಗಳನ್ನು ಮರಿಯನ್ ಡರ್ಬಿ ಟೇಪ್ ಮಾಡಿ ಬರೆದಿಟ್ಟರು. ಆ ಒರಟು ಪ್ರತಿಯನ್ನು ತಿದ್ದಿ ಪುಸ್ತಕದ ರೂಪಕ್ಕೆ ತಂದವರು ಟ್ರೂಡಿ ಡಿಕ್ಸನ್ ಎಂಬ ಶಿಷ್ಯೆ. ಆಗ ಅವರಿಗೆ ಕ್ಯಾನ್ಸರ್. ಎರಡು ಪುಟ್ಟ ಮಕ್ಕಳ ತಾಯಿ. ಪುಸ್ತಕ ಅಚ್ಚಾಗುವ ಮೊದಲೇ, 1969ರಲ್ಲಿ, ತೀರಿಕೊಂಡರು. 1970ರಲ್ಲಿ 'ಝೆನ್ ಮೈಂಡ್, ಬಿಗಿನರ್ಸ್ ಮೈಂಡ್' ಹೊರಬಂತು. ಝೆನ್ ಬಗ್ಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಓದಿಸಿಕೊಂಡ ಪುಸ್ತಕಗಳಲ್ಲಿ ಇದೂ ಒಂದು.

ಬಿಗಿನರ್ಸ್ ಮೈಂಡ್ ಅಂದ್ರೆ ಜಪಾನಿ ಭಾಷೆಯಲ್ಲಿ ಶೋಷಿನ್, ಮೊದಲ ದಿನದ ಮನಸ್ಸು. ಫಸ್ಟ್ ಸೆಮ್ ಲ್ಯಾಬಿನಲ್ಲಿ ಬ್ರೆಡ್‌ಬೋರ್ಡ್ ಮೇಲೆ ಮೊದಲ ಸಲ ಎಲ್‌ಇಡಿ ಹತ್ತಿದಾಗ ನಾವೆಲ್ಲ ಹೇಗೆ ಬಗ್ಗಿ ನೋಡಿದ್ದೆವು, ಜ್ಞಾಪಿಸಿಕೊಳ್ಳಿ. ಆರನೇ ಸೆಮ್‌ಗೆ ಬರೋವಷ್ಟರಲ್ಲಿ ಸರ್ಕ್ಯೂಟ್ ನೋಡುವ ಮೊದಲೇ ಗೊತ್ತು ಬಿಡಪ್ಪ ಅಂದುಬಿಡ್ತೀವಿ, ಎಡವುವುದೂ ಅಲ್ಲೇ. ಆ ಮೊದಲ ದಿನದ ನೋಟವನ್ನು ನಲವತ್ತು ವರ್ಷ ಸಾಧನೆ ಮಾಡಿದ ಮೇಲೂ ಉಳಿಸಿಕೊಳ್ಳುವುದು ಹೇಗೆ ಅನ್ನುವುದು ಸುಜುಕಿ ಅವರ ಕೇಳ್ವಿ. ಅವರ ಉತ್ತರದಲ್ಲಿ ಟ್ರಿಕ್ ಏನೂ ಇಲ್ಲ: ನಾಳೆ ಬೆಳಿಗ್ಗೆ ಮತ್ತೆ ಬಂದು ಕೂರುವುದು.

ಕೊನೆಯ ಡಿಸೆಂಬರ್

1971ರಲ್ಲಿ ಕಾಯಿಲೆ ಬಿದ್ದರು. ವೈದ್ಯರು ಮೊದಲು ಹೆಪಟೈಟಿಸ್ ಅಂದುಕೊಂಡರು. ಸೋಂಕು ಹರಡಬಾರದು ಅಂತ ಅವರ ತಟ್ಟೆ, ಊಟ ಎಲ್ಲ ಬೇರೆ. ಆಮೇಲೆ ಗೊತ್ತಾಯಿತು, ಅದು ಪಿತ್ತಕೋಶದ ಕ್ಯಾನ್ಸರ್. ಅದನ್ನು ಹೇಳುವಾಗ ಅವರ ಮುಖದಲ್ಲಿ ಖುಷಿ. ಕ್ಯಾನ್ಸರ್ ಅಂಟುವ ರೋಗವಲ್ಲವಲ್ಲ, ಇನ್ನು ಜೊತೆಗೆ ಕೂತು ಊಟ ಮಾಡಬಹುದು ಅಂತ ತಮ್ಮ ತಟ್ಟೆಯದನ್ನೇ ಶಿಷ್ಯೆಗೆ ತಿನ್ನಿಸಿದರು.

ನವೆಂಬರ್ 21ರಂದು ರಿಚರ್ಡ್ ಬೇಕರ್ ಅವರನ್ನು ಪೀಠದಲ್ಲಿ ಕೂರಿಸುವ ವಿಧಿ ನಡೆಯಿತು. ಎದ್ದು ನಿಲ್ಲಲೂ ಕಷ್ಟವಿದ್ದ ಗುರುಗಳು ಆಸರೆ ಹಿಡಿದು ಬಂದರು. ಬುದ್ಧನಿಗೆ ಜ್ಞಾನೋದಯವಾದ ದಿನದ ನೆನಪಿಗೆ ಝೆನ್ ಮಠಗಳಲ್ಲಿ ಡಿಸೆಂಬರ್ ಮೊದಲ ವಾರ ದಿನವಿಡೀ ಕೂರುವ ವ್ರತ ಇರುತ್ತೆ. ಡಿಸೆಂಬರ್ 4ರ ನಸುಕಿನಲ್ಲಿ ಪೇಜ್ ಸ್ಟ್ರೀಟಿನಲ್ಲಿ ಆ ವ್ರತ ಶುರುವಾಗುವ ಹೊತ್ತಿಗೆ ಸುಜುಕಿ ಕಣ್ಣುಮುಚ್ಚಿದರು. ಅಮೆರಿಕದಲ್ಲಿ ಕಳೆದದ್ದು ಹನ್ನೆರಡೂವರೆ ವರ್ಷ. ಅಸ್ಥಿಯ ಒಂದು ಪಾಲು ಜಪಾನಿನ ರಿನ್ಸೋ-ಇನ್‌ಗೆ ಹೋಯಿತು, ಇನ್ನೊಂದು ಪಾಲು ತಸ್ಸಜಾರಾದ ಬೆಟ್ಟದಲ್ಲಿದೆ.

ಆಮೇಲೆ

ಕಥೆ ಇಲ್ಲಿಗೆ ಸುಖಾಂತ್ಯ ಅಂತ ಮುಗಿಸೋಕೆ ಆಗಲ್ಲ. 1983ರಲ್ಲಿ ಬೇಕರ್ ಅವರ ಖಾಸಗಿ ಸಂಬಂಧಗಳು, ಖರ್ಚುವೆಚ್ಚಗಳ ಬಗ್ಗೆ ದೊಡ್ಡ ವಿವಾದ ಎದ್ದು, ಅವರು ಪೀಠ ಬಿಡಬೇಕಾಯಿತು. ಗುರುಗಳೇ ಆರಿಸಿದ ಉತ್ತರಾಧಿಕಾರಿ ಅಲ್ಲವೇ ಅಂತ ಎಷ್ಟೋ ಶಿಷ್ಯರ ನಂಬಿಕೆ ಅಲುಗಿತು. ಮುಂದೆ ಝೆನ್ ಸೆಂಟರ್ ಪೀಠಾಧಿಪತಿಗಳಿಗೆ ಇಂತಿಷ್ಟು ಅವಧಿ ಅಂತ ನಿಗದಿ ಮಾಡಿತು. ಒಬ್ಬ ವ್ಯಕ್ತಿ ಕುಸಿದರೂ ವ್ಯವಸ್ಥೆ ನಿಲ್ಲಬೇಕು ಅನ್ನುವ ಪಾಠವನ್ನು ಅವರು ಕಷ್ಟಪಟ್ಟೇ ಕಲಿತರು. ಬೆಳಗಿನ ಝಾಝೆನ್ ಮಾತ್ರ ಆ ಗದ್ದಲದ ದಿನಗಳಲ್ಲೂ ನಡೆದುಕೊಂಡೇ ಬಂತು.

ಸ್ಟೀವ್ ಜಾಬ್ಸ್? ಸುಜುಕಿ ತೀರಿಕೊಂಡಾಗ ಜಾಬ್ಸ್‌ಗೆ 16 ವರ್ಷ, ಹೈಸ್ಕೂಲ್ ಹುಡುಗ. ಸುಜುಕಿ ಅವರ ಪುಸ್ತಕ ಓದಿ, ಆಮೇಲೆ ಅವರು ಹೋಗಿ ಸೇರಿದ್ದು ಕೋಬುನ್ ಚಿನೋ ಒಟೊಗಾವಾ ಅವರ ಹತ್ತಿರ. 1967ರಲ್ಲಿ ತಸ್ಸಜಾರಾಗೆ ನೆರವಾಗಲು ಜಪಾನಿನಿಂದ ಬಂದ ಕೋಬುನ್, ಮುಂದೆ ಲಾಸ್ ಆಲ್ಟೋಸ್‌ನಲ್ಲಿ ಗುರುವಾಗಿದ್ದರು. ಜಪಾನಿಗೆ ಹೋಗಿ ಭಿಕ್ಷುವಾಗುತ್ತೇನೆ ಅಂದ ಹುಡುಗನಿಗೆ, ಇಲ್ಲೇ ಇರು ಅಂತ ಬುದ್ಧಿ ಹೇಳಿದವರು ಅವರೇ. 1991ರಲ್ಲಿ ಜಾಬ್ಸ್ ಮದುವೆ ಮಾಡಿಸಿದವರೂ ಅವರೇ.

ಇವತ್ತು ಬಿಗಿನರ್ಸ್ ಮೈಂಡ್ ಅನ್ನುವುದು ಕಾರ್ಪೊರೇಟ್ ಟ್ರೈನಿಂಗಿನ ಸ್ಲೈಡಿಗೆ ಬಂದು ಕೂತಿದೆ. ಮೈಂಡ್‌ಫುಲ್‌ನೆಸ್ ಆ್ಯಪ್‌ಗಳು ಎಷ್ಟು ದಿನ ತಪ್ಪದೆ ಕೂತಿರಿ ಅಂತ ಲೆಕ್ಕ ಇಟ್ಟು ಬ್ಯಾಡ್ಜ್ ಕೊಡುತ್ತವೆ. ಏನನ್ನೂ ಪಡೆಯೋಕೆ ಅಂತ ಕೂರಬೇಡಿ ಎಂದು ಹೇಳಿಕೊಟ್ಟ ಪರಂಪರೆಗೆ ಇಂಥ ಗತಿ. ಹಾಗಂತ ನಾವು ಅದನ್ನು ಪೂರ್ತಿ ಬೈಯೋಕೂ ಹೋಗಲ್ಲ, ಪರೀಕ್ಷೆಯ ಹಿಂದಿನ ರಾತ್ರಿ ಆ ಆ್ಯಪ್‌ಗಳಿಂದ ನಿದ್ದೆ ಬಂದವರು ನಮ್ಮಲ್ಲೂ ಇದ್ದಾರೆ. ಆದರೆ ಒಂದು ವ್ಯತ್ಯಾಸ ಇದೆ. ಝೆನ್ ಅಮೆರಿಕದಲ್ಲಿ ಉಳಿದಿದ್ದಕ್ಕೆ ಆ ಪದದ ಆಕರ್ಷಣೆಯೊಂದೇ ಸಾಕಾಗಲಿಲ್ಲ. ಒಬ್ಬ ವಯಸ್ಸಾದ ಮನುಷ್ಯ, ಮನೆಯ ದುಃಖ ಹೊತ್ತು, ಭಾಷೆ ಸರಿಯಾಗಿ ಬಾರದ ಊರಲ್ಲಿ, ದಿನಾ ಒಂದೇ ಹೊತ್ತಿಗೆ ಬಾಗಿಲು ತೆರೆದಿಟ್ಟು ಕೂರಬೇಕಾಯಿತು.

ಎಂಎಸ್‌ಗೋ ಕೆಲಸಕ್ಕೋ ಅಂತ ನಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ, ಆಪಲ್ ಗ್ಯಾರೇಜಿನ ಮುಂದೆ ಸೆಲ್ಫಿ ತೆಗೆದುಕೊಂಡ ಮೇಲೆ ಪೇಜ್ ಸ್ಟ್ರೀಟಿಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ಈಗಲೂ ಬೆಳಗಿನ ಜಾವ ಜನ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಅಲಾರಂ ಇಟ್ಟುಕೊಳ್ಳೋದು ಮರೀಬೇಡಿ.